ಶೀಟ್ ಮಾಡಿನ ಕೆಲಸ: ಲೇಬರ್ ಕಾಂಟ್ರಾಕ್ಟ್ ಕೊಡುವ ಮೊದಲು

ತಾರಸಿ ಮೇಲಿನ ಶೀಟ್ ಮಾಡಿಗೆ ಫ್ಯಾಬ್ರಿಕೇಶನ್ (ಕಬ್ಬಿಣ ಕತ್ತರಿಸಿ, ವೆಲ್ಡ್ ಮಾಡಿ ಚೌಕಟ್ಟು ಕಟ್ಟುವ) ತಂಡವನ್ನು ಹೇಗೆ ಆರಿಸುವುದು ಎಂದು ಕೇಳಿದ್ದೀರಿ. ಶೀಟ್ ಮಾರುವ ಅಂಗಡಿಯಲ್ಲಿ ವಿಚಾರಿಸಿ. ಆದರೆ ಎರಡು ಮಳೆಗಾಲ ಕಂಡ, ಆ ತಂಡದ ಹಳೇ ಕೆಲಸ ನೋಡದೆ ಅಡ್ವಾನ್ಸ್ ಕೊಡಬೇಡಿ. ಸ್ಕ್ರೂ ಶೀಟಿನ ಉಬ್ಬಿನ ಮೇಲಿರಬೇಕು, ರಬ್ಬರ್ ವಾಷರ್ ಸ್ವಲ್ಪವೇ ಒತ್ತಿಕೊಂಡಿರಬೇಕು. ಅತಿಯಾಗಿ ಬಿಗಿದರೆ ವಾಷರ್ ಸೀಳಿ ಸೋರುತ್ತದೆ.

ಜಗಳ ಹುಟ್ಟುವುದು ಹೆಚ್ಚಾಗಿ ಅಳತೆಯಲ್ಲಿ. ಚದರ ಅಡಿ ದರ ಇಳಿಜಾರಿನ ಅಳತೆಗೋ, ನೆಲದ ಅಳತೆಗೋ? 30 ಡಿಗ್ರಿ ಇಳಿಜಾರಿದ್ದರೆ ವ್ಯತ್ಯಾಸವೇ ಸುಮಾರು ಶೇ. 15. ವೆಲ್ಡಿಂಗ್ ರಾಡ್, ರೆಡ್ ಆಕ್ಸೈಡ್ (ತುಕ್ಕು ತಡೆಯುವ ಬಣ್ಣ), ಸ್ಕ್ರೂ ಯಾರ ಖರ್ಚು ಎಂಬುದನ್ನೂ ಬರೆಸಿಕೊಳ್ಳಿ. ಸೇಫ್ಟಿ ಬೆಲ್ಟ್ ಇಲ್ಲದೆ ಯಾರನ್ನೂ ದಯವಿಟ್ಟು ಮೇಲೆ ಹತ್ತಿಸಬೇಡಿ. ಶೇ. 10 ಹಣ ಹಿಡಿದಿಟ್ಟುಕೊಂಡು, ಮೊದಲ ಜೋರು ಮಳೆ ಕಳೆದ ಮೇಲೆ ಕೊಡಿ. ಇದನ್ನು ಮೊದಲೇ ಮಾತಾಡಿಕೊಂಡಿರಿ.