ಅಡಿಕೆ ಸುಲಿದ ಕೈಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ

ಬೇಡ. ಆ ಡಬ್ಬವನ್ನು ಇದ್ದ ಜಾಗದಲ್ಲೇ ಇಟ್ಟು ಬನ್ನಿ, ಆಮೇಲೆ ಇದನ್ನು ಓದಿ.

ನಾಲ್ಕು ರಾತ್ರಿ ಅಡಿಕೆ ಸುಲಿದು ಕೈ ಕಪ್ಪಾಗಿದೆ, ಸೋಮವಾರ ಬೆಂಗಳೂರಲ್ಲಿ ಕೆಲಸಕ್ಕೆ ಸೇರಬೇಕು, ಬ್ಲೀಚಿಂಗ್ ಪೌಡರ್ ಹಚ್ಚಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿ 18 ದಿನ ಕಳೆದುಕೊಂಡವಳು.

2012ರ ಡಿಸೆಂಬರ್. ಶಿವಮೊಗ್ಗದಲ್ಲಿ ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದೆ. ಮನೆ ಹೊಸನಗರದ ಕಡೆ, ಎರಡು ಎಕರೆ ತೋಟ. ಮರದಿಂದ ಅಡಿಕೆ ಗೊನೆ ಇಳಿಸಿದ ಮೇಲೆ ಹಸಿ ಅಡಿಕೆ ನಮಗಾಗಿ ಕಾಯೋದಿಲ್ಲ ಅಲ್ವಾ, ಸುಲಿದು ಬೇಯಿಸಿ ಒಣಗಿಸಲೇಬೇಕು. ಆ ವರ್ಷ ಸುಲಿಯೋಕೆ ಜನ ಸಿಗಲಿಲ್ಲ. ರಜೆಗೆ ಅಂತ ಬಂದ ನಾನು ಐದು ರಾತ್ರಿ ಅಮ್ಮನ ಪಕ್ಕ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿಕೊಂಡು ಅಡಿಕೆ ಸುಲಿಯುವ ಕತ್ತಿ) ಹಾಕಿಕೊಂಡು ಕೂತೆ. ಕಾಯಿಯನ್ನು ಅಲಗಿಗೆ ಒತ್ತಿದ ಕೂಡಲೇ ಸಿಪ್ಪೆಯ ನೀರು ಹೆಬ್ಬೆರಳಿನ ಬುಡಕ್ಕೆ ಇಳಿಯುತ್ತೆ. ಆಗ ಅದಕ್ಕೆ ಬಣ್ಣವೇ ಇರೋದಿಲ್ಲ. ಮಲಗುವ ಹೊತ್ತಿಗೆ ಕಂದು, ಬೆಳಿಗ್ಗೆ ಎದ್ದರೆ ಕಪ್ಪು. ಬೆರಳಿನ ಗೆಣ್ಣಿನ ಗೆರೆಗಳೆಲ್ಲ ಪೆನ್ನಲ್ಲಿ ಬರೆದ ಹಾಗೆ ಕಾಣುತ್ತವೆ.

ಸೋಮವಾರ ನನಗೆ ಮೊದಲ ವಾರ್ಡ್ ಪೋಸ್ಟಿಂಗ್. ಇಂಥ ಕೈ ನೋಡಿ ಕೊಳಕು ಹುಡುಗಿ ಅಂದುಕೊಳ್ಳುತ್ತಾರೆ ಅಂತ ಹೆದರಿಕೆ. ಅಜ್ಜಿ ಹೇಳಿದರು, "ಅದು ತಾನಾಗೇ ಹೋಗ್ತದೆ ಮಾರಾಯ್ತಿ, ಎಣ್ಣೆ ಹಚ್ಚಿ ಸುಮ್ನಿರು." ನಾನು ಸುಮ್ಮನಿರಲಿಲ್ಲ.

ಮೊದಲು ಬಟ್ಟೆ ಸೋಪು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದೆ. ಕೈ ಇನ್ನೂ ಕಪ್ಪಾಯಿತು. ಯಾಕೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಅಡಿಕೆಯಲ್ಲಿ ಟ್ಯಾನಿನ್ ಇದೆ, ಬಾಯಿ ಒಗರಾಗೋದು ಅದರಿಂದಲೇ, ಹಣ್ಣಡಿಕೆಗಿಂತ ಎಳೆಯದರಲ್ಲಿ ಜಾಸ್ತಿ. ಚರ್ಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಅದರ ಗುಣ, ತೊಗಲು ಹದ ಮಾಡೋದೂ ಟ್ಯಾನಿನ್‌ನಿಂದಲೇ. ಅದಕ್ಕೆ ಕ್ಷಾರ ಸೋಕಿದರೆ ಬಣ್ಣ ಗಾಢವಾಗುತ್ತೆ. ಬಟ್ಟೆ ಸೋಪು ಅಂದರೆ ಕ್ಷಾರ. ಇನ್ನು ಕಬ್ಬಿಣ ಸೇರಿದರಂತೂ ಕಡುಗಪ್ಪು. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಪ್ಪು ಬಣ್ಣ ಮಾಡುತ್ತಿದ್ದರಲ್ಲ, ಅದೇ ಕೆಲಸ ನಮ್ಮ ಕೈ ಮೇಲೆ ನಡೆಯುತ್ತಿರುತ್ತೆ. ಮೆಟ್ಟುಗತ್ತಿ ಕಬ್ಬಿಣದ್ದು, ನಮ್ಮ ಬೋರ್ ನೀರಲ್ಲೂ ಕಬ್ಬಿಣದ ಅಂಶ ಇತ್ತು. ಅಂದರೆ ಉಜ್ಜಿ ಉಜ್ಜಿ ನಾನೇ ಮಸಿ ಮಾಡಿಕೊಂಡೆ.

ಆಮೇಲೆ ಮಾಡಿದ್ದು ನಿಜವಾದ ತಪ್ಪು. ಮಳೆಗಾಲದಲ್ಲಿ ಬಾವಿಗೆ ಹಾಕಲು ತಂದಿದ್ದ ಬ್ಲೀಚಿಂಗ್ ಪೌಡರ್ ಮಿಕ್ಕಿತ್ತು. ಗೆರಟೆಯಲ್ಲಿ ಕಲಸಿ ಎರಡೂ ಕೈಗೆ ಮೆತ್ತಿಕೊಂಡೆ. ಬಿಳಿ ಬಟ್ಟೆಯ ಕಲೆ ತೆಗೆಯುವ ವಸ್ತು ಕೈ ಕಲೆ ತೆಗೆಯೋದಿಲ್ಲವಾ ಅನ್ನೋದು ನನ್ನ ಲೆಕ್ಕ. ಆದರೆ ಬಟ್ಟೆಗೆ ಜೀವ ಇಲ್ಲ. ನನ್ನ ಬೆರಳಲ್ಲಿ ಐದು ರಾತ್ರಿಯ ಸಣ್ಣ ಸಣ್ಣ ಗೀರುಗಳಿದ್ದವು, ಮೇಲಿಂದ ನಾರಿನಲ್ಲಿ ತಿಕ್ಕಿದ್ದೆ. ಪೌಡರ್ ಒಳಗೆ ಇಳಿಯೋಕೆ ದಾರಿ ನಾನೇ ಮಾಡಿಕೊಟ್ಟಿದ್ದೆ. ಉರಿ ಶುರುವಾದಾಗ ಕೆಲಸ ಮಾಡುತ್ತಿದೆ ಅಂದುಕೊಂಡೆ! ಹತ್ತು ನಿಮಿಷ ಹಾಗೇ ಬಿಟ್ಟೆ. ಅಷ್ಟಕ್ಕೇ ನಿಲ್ಲಿಸದೆ, ಬೇಗ ಹೋಗಲಿ ಅಂತ ಅದರ ಮೇಲೇ ಒಂದು ನಿಂಬೆಹಣ್ಣು ಹಿಂಡಿದೆ. ಇದನ್ನು ದಯವಿಟ್ಟು ಎರಡು ಸಲ ಓದಿ. ಬ್ಲೀಚಿಂಗ್ ಪೌಡರಿಗೆ ಹುಳಿ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತೆ, ಅದು ವಿಷ. ಬಚ್ಚಲಮನೆ ಬಾಗಿಲು ಹಾಕಿಕೊಂಡಿದ್ದೆ. ಕಣ್ಣು ಉರಿದು, ಗಂಟಲು ಕಟ್ಟಿ, ಕೆಮ್ಮುತ್ತಾ ಅಂಗಳಕ್ಕೆ ಓಡಿದೆ. ಅಮ್ಮ ಕೈ ಹಿಡಿದು ನಲ್ಲಿ ಕೆಳಗೆ ಇಟ್ಟರು. ಬಾಗಿಲು ತೆರೆದಿದ್ದರೂ ಹುಳಿ ಹಿಂಡಬಾರದಿತ್ತು, ಹುಳಿ ಹಿಂಡದಿದ್ದರೂ ಪೌಡರ್ ಹಚ್ಚಬಾರದಿತ್ತು.

ಕಲೆ ಅರ್ಧ ಹೋಯಿತು, ಹೋದ ಕಡೆ ಚರ್ಮವೂ ಹೋಯಿತು. ಸೋಮವಾರದ ಹೊತ್ತಿಗೆ ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. ವಾರ್ಡಿನಲ್ಲಿ ಕೈಗೆ ಸ್ಪಿರಿಟ್ ಹಾಕಿಕೊಂಡ ತಕ್ಷಣ ಕಣ್ಣಲ್ಲಿ ನೀರು ಬಂತು. ಸಿಸ್ಟರ್ ಕೈ ತೋರಿಸು ಅಂದರು. ಉಗುರಿನ ಅಂಚಿನ ಕಪ್ಪು ನೋಡಿ, "ಅಡಿಕೆ ಸುಲಿದಿದ್ದಾ? ಅದಕ್ಕೆ ನಾನೇನೂ ಅನ್ನೋದಿಲ್ಲ. ಈ ಗಾಯ ಇಟ್ಟುಕೊಂಡು ಪೇಷೆಂಟನ್ನು ಮುಟ್ಟಬೇಡ, ನಿನಗೂ ಒಳ್ಳೇದಲ್ಲ ಅವರಿಗೂ ಅಲ್ಲ" ಅಂತ ವಾಪಸ್ ಕಳಿಸಿದರು. ಕೈ ಮಾಯಲು 18 ದಿನ ಬೇಕಾಯಿತು. ಅಷ್ಟೂ ದಿನದ ಡ್ಯೂಟಿಯನ್ನು ಬೇಸಿಗೆ ರಜೆಯಲ್ಲಿ ತುಂಬಿಕೊಟ್ಟೆ, ಜೊತೆಯವರೆಲ್ಲ ಊರಿಗೆ ಹೋಗಿದ್ದರು.

ಅದಕ್ಕೇ ಕೇಳುತ್ತಿದ್ದೇನೆ, ಸೋಮವಾರದೊಳಗೆ ಆ ಕಪ್ಪು ಪೂರ್ತಿ ಹೋಗಲೇಬೇಕು ಅಂತ ನಿಮಗೆ ಹೇಳಿದವರು ಯಾರು? ಅದು ಕೊಳೆ ಅಲ್ಲ. ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ ಕೂತಿರುವ ಬಣ್ಣ. ಎರಡು ಮೂರು ವಾರದಲ್ಲಿ ಆ ಪದರ ಉದುರುವಾಗ ಬಣ್ಣವೂ ಉದುರುತ್ತೆ. ಉಗುರಿಗೆ ಮಾತ್ರ ಜಾಸ್ತಿ ದಿನ ಬೇಕು, ತಿಂಗಳಿಗೆ ಸುಮಾರು 3 ಮಿಲಿಮೀಟರ್ ಅಷ್ಟೇ ಅದು ಬೆಳೆಯೋದು. ಆಫೀಸಲ್ಲಿ ಯಾರಾದರೂ ಕೇಳಿದರೆ ಮನೆಯಲ್ಲಿ ಅಡಿಕೆ ಸುಲಿದೆ ಅನ್ನಿ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಆ ಅಡಿಕೆಯಿಂದಲೇ ನಾನು ಓದಿದ್ದು.

ಆದರೂ ಸ್ವಲ್ಪ ತಿಳಿಯಾದರೆ ಸಾಕು ಅನ್ನಿಸಿದರೆ, ಹುಳಿ ಒಂದು ದಾರಿ. ಗಾಯ ಇಲ್ಲದ ಕಡೆ ಮಾತ್ರ ನೆನೆಸಿದ ಹುಣಸೆಹಣ್ಣನ್ನೋ ನಿಂಬೆ ಹೋಳನ್ನೋ ಐದು ನಿಮಿಷ ಮೆಲ್ಲಗೆ ತಿಕ್ಕಿ ತೊಳೆಯಿರಿ. ನಿಂಬೆಯಾದರೆ ಸಂಜೆ ಮೇಲೆ ಮಾಡಿ, ನಿಂಬೆರಸ ಹತ್ತಿದ ಕೈಗೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗಾಗಿ ಬೊಬ್ಬೆ ಏಳಬಹುದು. ನಿಂಬೆ ಜೊತೆ ಅಡುಗೆ ಸೋಡಾ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪೋದಿಲ್ಲ. ನಿಂಬೆಯ ಹುಳಿಯನ್ನು ಸೋಡಾ ಕೊಲ್ಲುತ್ತೆ, ಮಿಕ್ಕಿದ ಸೋಡಾ ಸೋಪಿನ ಕೆಲಸವನ್ನೇ ಮಾಡುತ್ತೆ. ತೊಳೆದ ಮೇಲೆ ಕೊಬ್ಬರಿ ಎಣ್ಣೆಗೆ ಒಂದು ಚಮಚ ಸಕ್ಕರೆ ಹಾಕಿ ಅಂಗೈಯಲ್ಲಿ ಉಜ್ಜಿ, ರಾತ್ರಿ ಎಣ್ಣೆ ಹಚ್ಚಿಯೇ ಮಲಗಿ. ದಿನಕ್ಕೆ ಒಂದೇ ಸಲ. ಇವತ್ತು ರಾತ್ರಿಯೂ ಸುಲಿಯೋದಿದ್ದರೆ ಕೂರುವ ಮೊದಲೇ ಎಣ್ಣೆ ಸವರಿಕೊಂಡು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ.

ಇದನ್ನು ಓದುವಷ್ಟರಲ್ಲಿ ಪೌಡರ್ ಹಚ್ಚಿಬಿಟ್ಟಿದ್ದರೆ ಹುಳಿ ಗಿಳಿ ಏನೂ ಹಾಕಬೇಡಿ. ಹರಿಯುವ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಯಿರಿ, ಉಂಗುರ ಇದ್ದರೆ ಕೈ ಊದುವ ಮೊದಲೇ ತೆಗೆಯಿರಿ. ಬೊಬ್ಬೆ ಎದ್ದರೆ ಅಥವಾ ಉರಿ ಇಳಿಯದಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಸೋಮವಾರದ ತನಕ ಕಾಯಬೇಡಿ.