ಹಾಳೆ ಟೊಪ್ಪಿ ಸೀಳುವುದೇಕೆ?

ತೀರ್ಥಹಳ್ಳಿಯ ತೋಟದಲ್ಲಿ ಅಡಿಕೆ ಹಾಳೆಯ (ಅಡಿಕೆ ಸೋಗೆಯ ಬುಡದ ಅಗಲ ಪೊರೆ) ಟೊಪ್ಪಿ ಮಾಡುವಾಗ ಮಡಿಕೆಯಲ್ಲೇ ಸೀಳುತ್ತದೆ, ಈ ಟೊಪ್ಪಿಗೆ ಬೇರೆ ಅರ್ಥವೂ ಇದೆಯೇ ಎಂದು ಕೇಳಿದ್ದೀರಿ.

ಅರ್ಥ ಮೊದಲು: ಇದು ದುಡಿಮೆಯ ಗುರುತು. ತಲೆಹೊರೆಗೆ ಆಸರೆ, ಬಿಸಿಲಿಗೆ ಮರೆ. ಘಟ್ಟದ ಕೆಳಗೆ ತುಳುವಿನಲ್ಲಿ ಇದೇ ಮುಟ್ಟಾಳೆ. ತುಳುನಾಡಿನ ದೈವ ಕೊರಗಜ್ಜನ ತಲೆಯ ಮೇಲೂ ಇದೇ ಇರುವುದರಿಂದ ಬರೀ ಮೋಜಿನ ವಸ್ತು ಎಂದುಕೊಳ್ಳಬೇಡಿ.

ಸೀಳಲು ಕಾರಣ ಒಣ ಹಾಳೆ. ನಾರು ಉದ್ದಕ್ಕೆ ಓಡುತ್ತದೆ, ಒಣಗಿದರೆ ನಾರಿನ ಸಂದಿನಲ್ಲೇ ಬಿರಿಯುತ್ತದೆ. ತಾನಾಗಿ ಉದುರಿದ ಹೊಸ ಹಾಳೆ ಆರಿಸಿ, ಪೂರಾ ಮೆತ್ತಗಾಗುವವರೆಗೆ ನೀರಲ್ಲಿ ಮುಳುಗಿಸಿಡಿ. ತಲೆ ಸುತ್ತಳತೆಗಿಂತ ಎರಡು ಬೆರಳು ಹೆಚ್ಚಿಗೆ ಬಿಡಿ, ಒಣಗಿದಾಗ ಕುಗ್ಗುತ್ತದೆ. ನುಣುಪಾದ ಒಳಮೈ ತಲೆಗೆ ಬರಲಿ. ತುದಿಗಳನ್ನು ನೆರಿಗೆ ಹಿಡಿದು ಹೊಲಿಯಿರಿ. ಅಂಚಿಗೆ ತೀರಾ ಹತ್ತಿರ ಚುಚ್ಚಿದರೆ ಹರಿಯುತ್ತದೆ. ಬೋರಲಿಟ್ಟ ಗಡಿಗೆಯ ಮೇಲೆ ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.