ಟರ್ಕಿಯ ಕುರ್ದರ ಟಿವಿ ಚಾನೆಲ್ ಯುರೋಪಿನಿಂದ ಯಾಕೆ ಪ್ರಸಾರವಾಗಬೇಕಾಯಿತು?

ಟರ್ಕಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕುರ್ದರು ಅಲ್ಲಿನ ಅಲ್ಪಸಂಖ್ಯಾತ ಜನಾಂಗ, ಅವರ ನುಡಿ ಕುರ್ದಿಶ್. ಕುರ್ದಿಶ್ ಭಾಷೆಯನ್ನು ನಿಷೇಧಿಸಿದ್ದ 1983ರ ಕಾನೂನು 1991ರಲ್ಲಿ ರದ್ದಾಯಿತು. ಆದರೆ ಕುರ್ದಿಶ್ ಪ್ರಸಾರಕ್ಕೆ ಮಾತ್ರ ಆಮೇಲೂ ಅವಕಾಶ ಸಿಗಲಿಲ್ಲ.

ಹಾಗಾಗಿ ದೇಶ ಬಿಟ್ಟು ಹೋದವರು 1995ರಲ್ಲಿ ಮೆಡ್ ಟಿವಿ ಶುರು ಮಾಡಿದರು. ಲೈಸೆನ್ಸ್ ಬ್ರಿಟನ್ನಿನದು, ಸ್ಟುಡಿಯೋ ಬೆಲ್ಜಿಯಂನಲ್ಲಿ, ಪ್ರಸಾರ ಉಪಗ್ರಹದ ಮೂಲಕ. ಮನೆಯ ಮೇಲೆ ಒಂದು ಡಿಶ್ ಇದ್ದರೆ ಸಾಕು, ತಾಯಿನುಡಿಯಲ್ಲಿ ಸುದ್ದಿ, ಹಾಡು, ಮಕ್ಕಳ ಕಾರ್ಯಕ್ರಮ ಎಲ್ಲ ಸಿಗುತ್ತಿತ್ತು. ಆಕಾಶಕ್ಕೆ ಬೇಲಿ ಹಾಕೋದು ಕಷ್ಟ ಅಲ್ವಾ? ಟರ್ಕಿ ಸಿಗ್ನಲ್‌ಗೆ ಅಡ್ಡಿ ಮಾಡಿತು, ಜನರ ಡಿಶ್‌ಗಳ ಮೇಲೆ ಕಣ್ಣಿಟ್ಟಿತು. ಜೊತೆಗೆ ಯುರೋಪಿನ ಸರ್ಕಾರಗಳ ಮೇಲೆ ಒತ್ತಡ ಹೇರಿತು. ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಈ ಒತ್ತಡವೇ.

1999ರ ಫೆಬ್ರವರಿಯಲ್ಲಿ, ಟರ್ಕಿ ಸರ್ಕಾರದ ವಿರುದ್ಧ ಶಸ್ತ್ರ ಹಿಡಿದಿದ್ದ ಕುರ್ದಿಶ್ ಸಂಘಟನೆ ಪಿಕೆಕೆಯ ನಾಯಕ ಅಬ್ದುಲ್ಲಾ ಓಜಲಾನ್ ಸೆರೆಯಾದರು. ಆ ಬಳಿಕ ಹಿಂಸೆಗೆ ಪ್ರಚೋದಿಸುವ ಮಾತುಗಳನ್ನು ಪ್ರಸಾರ ಮಾಡಿದ್ದಕ್ಕೆ ಅದೇ ಏಪ್ರಿಲ್‌ನಲ್ಲಿ ಬ್ರಿಟನ್ ಮೆಡ್ ಟಿವಿಯ ಲೈಸೆನ್ಸ್ ರದ್ದು ಮಾಡಿತು. ಆಮೇಲೆ ಫ್ರೆಂಚ್ ಅನುಮತಿ ನಂಬಿಕೊಂಡು ಮೆಡ್ಯಾ ಟಿವಿ ಬಂತು, 2004ರಲ್ಲಿ ಅದೂ ಮುಚ್ಚಿತು. ಅದೇ ವರ್ಷ ಡೆನ್ಮಾರ್ಕ್ ಲೈಸೆನ್ಸ್‌ನಲ್ಲಿ ರೋಜ್ ಟಿವಿ ಹುಟ್ಟಿತು. 2012ರಲ್ಲಿ ಕೋಪನ್‌ಹೇಗನ್ ನ್ಯಾಯಾಲಯ ಅದು ಪಿಕೆಕೆ ಪರ ಪ್ರಚಾರ ಮಾಡಿದೆ ಎಂದು ದಂಡ ಹಾಕಿತು.

ಪಿಕೆಕೆ ನಂಟಿನ ಆರೋಪ ಸುಮ್ನೆ ಹುಟ್ಟಿದ್ದಲ್ಲ. ಆದರೆ ಕುರ್ದಿಶ್ ನುಡಿಯನ್ನೇ ಟಿವಿಯಿಂದ ಹೊರಗಿಟ್ಟಿದ್ದಕ್ಕೆ ಅದು ನೆಪವಾಗದು. ವಿಚಿತ್ರ ನೋಡಿ, 2009ರ ಜನವರಿ 1ರಂದು ಟರ್ಕಿ ಸರ್ಕಾರವೇ ಟಿಆರ್‌ಟಿ 6 ಅನ್ನೋ ಕುರ್ದಿಶ್ ಚಾನೆಲ್ ತೆರೆಯಿತು.